ಬೋರ್ಡಿನ ಎಡಗಡೆಯವಳು

ಇಸ್ತ್ರಿಯಕ್ಕ ಬಾಗಿಲಲ್ಲಿ ಬಂದು ನಿಂತರೆ ಒಳಗಿನ ಬೆಳಕು ಕಮ್ಮಿಯಾಗುತ್ತಿತ್ತು. ಇದು ಬೇರೆಯವರು ಹುಟ್ಟಿಸಿದ ಮಾತಲ್ಲ, ಅವಳೇ ಹೇಳಿಕೊಂಡು ನಗುತ್ತಿದ್ದದ್ದು. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಬುಸ್ ಬುಸ್ ಎಂದು ಆವಿ ಬಿಡುವ ದೊಡ್ಡ ಇಸ್ತ್ರಿ ಮೇಜಿನ ಮುಂದೆ ಬೆಳಗಿನಿಂದ ಸಂಜೆವರೆಗೆ ನಿಂತು ಅವಳ ಕಾಲು ಕಂಬದ ಹಾಗೆ ಆಗಿದ್ದವು. ಲಾಡ್ಜುಗಳ ಬೆಡ್‌ಶೀಟು, ಆಸ್ಪತ್ರೆಯ ಹೊದಿಕೆ, ಹೋಟೆಲಿನ ಮೇಜುಬಟ್ಟೆ ಎಲ್ಲ ಅಲ್ಲಿಗೇ ಬರುತ್ತಿತ್ತು. ನೀರು ಕುಡಿದ ಬಟ್ಟೆಗಂಟು ಅಂದರೆ ಹೆಣಭಾರ. ಉಳಿದವರು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ನೆಲದ ಮೇಲೆ ಎಳೆದಾಡಿದರೆ, ಇವಳು ಒಬ್ಬಳೇ ಸೆರಗು ಸಿಕ್ಕಿಸಿ, ಉಸ್ ಎನ್ನದೆ ಎತ್ತಿ ಹೆಗಲಿಗೆ ಹಾಕಿಕೊಂಡು ಬಂದುಬಿಡುತ್ತಿದ್ದಳು. ಆ ಕೆಲಸಕ್ಕೆ ಆ ಮೈ ಬೇಕಿತ್ತು. ಆ ಮೈಗೆ ಹೊಟ್ಟೆ ತುಂಬ ಊಟ ಬೇಕಿತ್ತು. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ.

ಮನೆ ಅಂದರೆ ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆ. ಅಲ್ಲಿ ಅಮ್ಮ, ಇವಳು, ತಂಗಿ. ಅಮ್ಮ ಕಿಟಕಿ ಪಕ್ಕ ಕೂತು ಅಂಗಿ ಅಂಗಡಿಯವರ ಗುಂಡಿ ಹೊಲಿದುಕೊಡುತ್ತಿದ್ದಳು. ಕಣ್ಣು ಮಂಜಾಗಿ ಈಚೆಗೆ ದಾರ ಪೋಣಿಸುವುದಕ್ಕೆ ಯಾರನ್ನಾದರೂ ಕೂಗಬೇಕಾಗುತ್ತಿತ್ತು. ಅಪ್ಪ ಹೋದಾಗ ತಂಗಿ ಇನ್ನೂ ಅಂಬೆಗಾಲು. ಇಸ್ತ್ರಿಯಕ್ಕ ಶಾಲೆಯ ಚೀಲ ಮೂಲೆಗಿಟ್ಟು ಲಾಂಡ್ರಿಗೆ ಹೊರಟವಳು ಮತ್ತೆ ಅದನ್ನು ಮುಟ್ಟಲಿಲ್ಲ. ಕೂಸನ್ನು ಒಂದು ಸೊಂಟದ ಮೇಲೆ, ನೀರಿನ ಕೊಡವನ್ನು ಇನ್ನೊಂದು ಸೊಂಟದ ಮೇಲೆ ಹೊತ್ತು ಮಹಡಿ ಹತ್ತಿಳಿದು ಬೆಳೆಸಿದಳು. ಆ ಕೂಸಿಗೆ ಈಗ ಹದಿನಾರು. ಮನೆಯಲ್ಲಿ ಈಗಲೂ ಅವಳು ಚಿಕ್ಕವಳೇ. ಅಕ್ಕತಂಗಿಯರು ಒಂದೇ ಅಚ್ಚು: ಅದೇ ದುಂಡು ಮುಖ, ಅದೇ ಅಗಲ ಭುಜ, ಅದೇ ಹೆಜ್ಜೆ ಸಪ್ಪಳ. ಮೆಟ್ಟಿಲ ಮೇಲೆ ಸದ್ದಾದರೆ ಯಾವಳು ಬಂದಳೆಂದು ಅಮ್ಮನಿಗೇ ಗೊತ್ತಾಗುತ್ತಿರಲಿಲ್ಲ. "ನಮ್ಮಮ್ಮನೂ ಹೀಗೇ ಇದ್ದಳು, ಗಟ್ಟಿ ಜೀವ" ಎಂದು ಅಮ್ಮ ಹೆಮ್ಮೆಯಿಂದಲೇ ಹೇಳುತ್ತಿದ್ದಳು.

ಒಂದು ಸಂಜೆ, ಕೆಲಸ ಮುಗಿಯುವ ಹೊತ್ತಿಗೆ, ಲಾಂಡ್ರಿ ಯಜಮಾನ ಕ್ಯಾಮೆರಾ ತೂಗುಹಾಕಿಕೊಂಡವನೊಬ್ಬನನ್ನು ಹಿಂದಿನ ಕೋಣೆಗೆ ಕರೆತಂದ. ಒಂದು ಫೋಟೋ ಬೇಕಂತೆ, ಸ್ವಲ್ಪ ನಿಲ್ಲಮ್ಮ ಎಂದ. ಅಂಗಡಿಯ ಗೋಡೆಗೆ ಇರಬೇಕು ಅಂತ ಇಸ್ತ್ರಿಯಕ್ಕ ಎಣಿಸಿದಳು. ಮುಖ ತೊಳೆದು ತಲೆ ಬಾಚಿಕೊಂಡು ಬರುತ್ತೇನೆ ಅಂದದ್ದಕ್ಕೆ, ಬೇಡಿ, ಹೇಗಿದ್ದೀರೋ ಹಾಗೇ ಚೆಂದ ಎಂದ ಫೋಟೋದವನು. ಹಾಗೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅವಳಿಗೆ ಒಳಗೊಳಗೇ ಖುಷಿಯಾಯಿತು. ಬೆವರು ಸುರಿಯುವ ಮುಖದಲ್ಲಿ, ಎರಡು ಕೈಯಲ್ಲೂ ಬಟ್ಟೆಗಂಟು ಅಪ್ಪಿಕೊಂಡು ನಿಂತಳು. ಫೋಟೋ ಆಯಿತು. ಅವಳು ಅದನ್ನು ಮರೆತೂಬಿಟ್ಟಳು.

ತಿಂಗಳೊಳಗೆ, ಬೆಳಿಗ್ಗೆ ಬಸ್ ಇಳಿದು ತಲೆ ಎತ್ತಿದರೆ, ನಾಲ್ಕು ರಸ್ತೆ ಸೇರುವ ಕಡೆ, ಮೈ ಇಳಿಸುವ ಸೆಂಟರಿನ ಕಟ್ಟಡದ ಮೇಲೆ ಅವಳ ಮುಖ. ಒಂದು ಮನೆಯಷ್ಟು ದೊಡ್ಡದು. ಬೋರ್ಡಿನ ಎಡಗಡೆ ಅವಳು. ಕೆಳಗೆ 'ಮೊದಲು' ಎಂದು ಬರೆದಿತ್ತು. ಕೈಯಲ್ಲಿದ್ದ ಗಂಟನ್ನು ಅಳಿಸಿಹಾಕಿದ್ದರು. ಗಂಟು ಹೋದ ಮೇಲೆ ಆ ಎರಡು ಕೈ ಗಾಳಿಯಲ್ಲಿ ಹಾಗೇ ಚಾಚಿಕೊಂಡು, ಯಾರನ್ನೋ ಏನೋ ಬೇಡುವ ಹಾಗೆ ಕಾಣುತ್ತಿದ್ದವು. ಬಲಗಡೆಯೂ ಅವಳದೇ ಮುಖ. ಆದರೆ ಬಿಳುಚಿಸಿ, ಗಲ್ಲ ಕೆತ್ತಿ, ಬೇರೆ ಯಾರದೋ ಕತ್ತಿನ ಮೇಲೆ ಕೂರಿಸಿದ್ದು. ಆ ಮೈಗೆ ಸೊಂಟ ಒಂದು ಮುಷ್ಟಿ. ಅದರ ಕೆಳಗೆ 'ನಂತರ'.

ಇಸ್ತ್ರಿಯಕ್ಕ ರಸ್ತೆ ಮಧ್ಯೆ ನಿಂತು ನೋಡಿದಳು. ಹಿಂದಿನಿಂದ ಆಟೋದವನು ಹಾರನ್ ಬಡಿದಾಗಲೇ ಎಚ್ಚರ.

ಯಜಮಾನನನ್ನು ಕೇಳಿದರೆ ಅವನು ತಲೆ ಕೆರೆದುಕೊಂಡ. ಆ ಸೆಂಟರಿನವರ ಟವೆಲು, ಗೌನು ಎಲ್ಲ ಒಗೆಯುವುದಕ್ಕೆ ಇಲ್ಲಿಗೇ ಬರುತ್ತಿತ್ತು, ದೊಡ್ಡ ಗಿರಾಕಿ. ಅವರು ಕೇಳಿದರು, ಇವನು ಹೂಂ ಅಂದ. "ನಿನಗೇನಮ್ಮ ನಷ್ಟ? ಊರೆಲ್ಲ ನಿನ್ನ ಮುಖ ನೋಡ್ತಿದೆ" ಎಂದ. ಒಳ್ಳೆಯದನ್ನು ಮಾಡಿದವನ ಹಾಗೇ ಇತ್ತು ಅವನ ಮುಖ.

ಮೊದಮೊದಲು ಅವಳು ನಕ್ಕೇ ತಳ್ಳಿದಳು. ಬೀದಿಯಲ್ಲಿ ಅವಳ ಹೆಸರೇ 'ಮೊದಲು' ಆಯಿತು. ಬಸ್ಸಿನ ಕಂಡಕ್ಟರು, "ದಾರಿ ಬಿಡ್ರಪ್ಪ, ಮೊದಲು ಹತ್ತಲಿ, ನಂತರ ಉಳಿದವರು" ಅನ್ನುತ್ತಿದ್ದ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಇವಳೂ ಬಿಡುತ್ತಿರಲಿಲ್ಲ, ಬಲಗಡೆಯವಳು ಬಂದರೆ ಟಿಕೆಟ್ ಕೊಡಬೇಡ, ತಲೆ ಒಬ್ಬಳದು ಮೈ ಒಬ್ಬಳದು, ಇಬ್ಬರ ಚಾರ್ಜು ತಗೋ ಎನ್ನುತ್ತಿದ್ದಳು. ಮಾತು ಹಾಗೆ ಬಂದು ಹಾಗೆ ಹೋಗುತ್ತಿತ್ತು.

ಅವಳ ಮೇಲಿಂದ ಹಾರಿಹೋದ ಕಲ್ಲು ಹಿಂದೆ ನಿಂತಿದ್ದ ಚಿಕ್ಕವಳಿಗೆ ತಗುಲಿತು. ಶಾಲೆಯಲ್ಲಿ ಯಾರೋ ಕರಿಹಲಗೆಯ ಮೇಲೆ ಎರಡು ಕೈ ಚಾಚಿದ ಕುಂಬಳಕಾಯಿ ಬರೆದಿಟ್ಟರು. ಅದನ್ನಾದರೂ ಒರೆಸಬಹುದಿತ್ತು. ಜೊತೆಯಲ್ಲಿ ಕೂರುವ ಗೆಳತಿ ಹೆಗಲ ಮೇಲೆ ಕೈಯಿಟ್ಟು, ನಿನ್ನ ಅಕ್ಕನ ಹಾಗೆ ಆಗುವುದಕ್ಕೆ ಮುಂಚೆ ನೀನಾದರೂ ಹುಷಾರಾಗು ಕಣೇ ಎಂದಳಂತೆ, ಪ್ರೀತಿಯಿಂದಲೇ. ಅದನ್ನು ಒರೆಸುವ ಬಟ್ಟೆ ಎಲ್ಲಿದೆ? ಚಿಕ್ಕವಳು ಫೋನಿನಲ್ಲಿ ಏನೋ ಒಂದು ಹುಡುಕಿದಳು. ಹುಡುಕಿದ್ದೇ ತಡ, ಫೋನು ಅದನ್ನೇ ತಂದು ತಂದು ಸುರಿಯಿತು. ಸೊಂಟಕ್ಕೊಂದು ಬೆಲ್ಟು, ತೋಳಿಗೊಂದು ಎಣ್ಣೆ, ಗಲ್ಲಕ್ಕೊಂದು ಪಟ್ಟಿ, ಕುಡಿದರೆ ಹಸಿವೇ ಸತ್ತುಹೋಗುವ ಪುಡಿ. ತನ್ನ ಮೈಯಲ್ಲಿ ಇಷ್ಟೊಂದು ತಪ್ಪು ಇದೆಯೆಂದು ಅವಳಿಗೆ ಅದುವರೆಗೆ ಗೊತ್ತೇ ಇರಲಿಲ್ಲ.

ಜಡೆ ಹಾಕಿಸಿಕೊಳ್ಳುತ್ತಲೇ ಎರಡು ಮೊಟ್ಟೆ ನುಂಗಿ ಮೆಟ್ಟಿಲು ಇಳಿದು ಓಡುತ್ತಿದ್ದ ಹುಡುಗಿ ಈಗ ತಟ್ಟೆ ಮುಂದೆ ಕೂತು ತುತ್ತನ್ನು ಆ ಕಡೆಯಿಂದ ಈ ಕಡೆಗೆ ಸರಿಸುತ್ತಿದ್ದಳು. ಗೆಳತಿ ಮನೆಯಲ್ಲಿ ತಿಂದೆ ಅನ್ನುವಳು. ಹೊಟ್ಟೆ ಸರಿಯಿಲ್ಲ ಅನ್ನುವಳು. ಅಮ್ಮನ ಕಣ್ಣಿಗೆ ಮಂಜು, ನಂಬಿದಳು. ಇಸ್ತ್ರಿಯಕ್ಕನಿಗೆ ಗೊತ್ತಾದದ್ದು ಭಾನುವಾರ, ಚಿಕ್ಕವಳ ಶಾಲೆ ಬಟ್ಟೆಗೆ ಇಸ್ತ್ರಿ ಹಾಕುವಾಗ. ಜೇಬಿನ ಮೇಲೆ ಪೆಟ್ಟಿಗೆ ಒತ್ತಿದರೆ ಕರಕರ ಸದ್ದು. ಕೈ ಹಾಕಿದರೆ ಒಣಗಿದ ಬ್ರೆಡ್ಡು, ಕಾಗದದಲ್ಲಿ ಸುತ್ತಿದ ಅರ್ಧ ಮೊಟ್ಟೆ. ಇನ್ನೊಂದು ಜೇಬಲ್ಲೂ ಹಾಗೇ. ಪರರ ಬಟ್ಟೆಯಲ್ಲಿ ಏನೇನೋ ಕಂಡಿದ್ದ ಕೈ ಅದು, ಆದರೆ ಆ ದಿನ ಪೆಟ್ಟಿಗೆ ಎತ್ತಿಡುವುದನ್ನೇ ಮರೆಯಿತು. ಮಾರನೆಯ ಬೆಳಿಗ್ಗೆ ಚಿಕ್ಕವಳು ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಳು. ಸೈಕಲ್ ಅಂಗಡಿಯವನು ಮಂಡಿಯ ರಕ್ತ ಒರೆಸಿ ಮೇಲಕ್ಕೆ ಕರೆತಂದ.

ಅಕ್ಕ ತಂಗಿಯನ್ನು ಮಡಿಲಿಗೆ ಎಳೆದುಕೊಂಡು ಕೂತಳು. ಭುಜದ ಮೂಳೆ ಚುಚ್ಚಿತು.

"ಯಾಕೇ ಹೀಗೆ ಮಾಡ್ಕೊಳ್ತೀಯ? ಆ ಬಲಗಡೆಯವಳು ಸುಳ್ಳು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದೇ ಚಾಪೆ ಮೇಲೆ ಮಲಗ್ತೀವಲ್ಲೇ."

"ಗೊತ್ತು ಅಕ್ಕ" ಎಂದಳು ಚಿಕ್ಕವಳು. "ಗೊತ್ತಿದ್ರೂ ಹಾಗೇ ಆಗ್ಬೇಕು ಅನ್ಸುತ್ತೆ. ಏನು ಮಾಡಲಿ?"

ಸುಳ್ಳೆಂದು ತೋರಿಸಿಕೊಟ್ಟರೆ ಮುಗಿಯಿತು ಎಂದುಕೊಂಡಿದ್ದಳು ಇಸ್ತ್ರಿಯಕ್ಕ. ಸುಳ್ಳೆಂದು ತಿಳಿದ ಮೇಲೂ ಬಿಡದೆ ಹಿಡಿಯುವ ಸುಳ್ಳನ್ನು ಏನು ಮಾಡುವುದು?

ಅವತ್ತೇ ಸೆಂಟರಿನ ಮೆಟ್ಟಿಲು ಹತ್ತಿದಳು. ಬಿಳಿಕೋಟಿನ ಮೇಡಂ ನಗುನಗುತ್ತಾ ಕೂರಿಸಿ, ತಣ್ಣನೆಯ ನೀರು ಕೊಟ್ಟು, ಬೋರ್ಡು ಇಳಿಸುವುದು ತಮ್ಮ ಕೈಯಲ್ಲಿಲ್ಲ, ಅದೆಲ್ಲ ಮೇಲಿನವರದು, ನೀವು ಹೆಮ್ಮೆಪಡಬೇಕು ಎಂದು ಕಳಿಸಿದಳು. ಇಸ್ತ್ರಿಯಕ್ಕ ಕೆಳಗಿಳಿದು ಬಂದಳು. ಕಟ್ಟಡದ ಮುಂದೆ, ಬೋರ್ಡಿನ ನೇರ ಕೆಳಗೆ, ಬಸ್ಸಿಗೆ ಕಾಯುವವರ ಕಲ್ಲುಬೆಂಚು ಇತ್ತು. ಲಾಂಡ್ರಿಯ ಊಟದ ಬಿಡುವು ಇನ್ನೂ ಮುಗಿದಿರಲಿಲ್ಲ. ಅಲ್ಲೇ ಕೂತಳು. ಬುತ್ತಿ ಬಿಚ್ಚಿದಳು. ಮೇಲೆ ಅವಳು, ಕೆಳಗೆ ಅವಳು. ಎಲ್ಲರ ಕಣ್ಣೆದುರು, ಬೆರಳು ನೆಕ್ಕಿಕೊಂಡು, ಡಬ್ಬಿ ತಳ ಕಾಣುವವರೆಗೆ ಉಂಡಳು.

ಮಾರನೆಯ ದಿನವೂ ಬಂದಳು. ಅದರ ಮಾರನೆಯ ದಿನವೂ. ಜನ ಮೇಲೆ ನೋಡುವರು, ಕೆಳಗೆ ನೋಡುವರು, ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುವರು. ಪಡ್ಡೆ ಹುಡುಗರು ದೂರದಿಂದ, ಏನು ಮೊದಲು, ನಂತರ ಎಲ್ಲಿ ಎಂದು ಕೂಗಿದರೆ, ಇನ್ನೂ ಹುಟ್ಟಿಲ್ಲ ಕಣ್ರೋ, ಹುಟ್ಟಿದಾಗ ನಿಮ್ಮನ್ನ ನಾಮಕರಣಕ್ಕೆ ಕರೀತೀನಿ ಎನ್ನುತ್ತಿದ್ದಳು. ಸೆಂಟರಿನ ಮೆಟ್ಟಿಲು ಹತ್ತಲು ಬಂದ ಹೆಂಗಸರು ಅವಳನ್ನು ಕಂಡು ಕಾಲು ತಡೆಯುತ್ತಿದ್ದರು. ಮದುವೆ ಗೊತ್ತಾದ ಹುಡುಗಿಯೊಬ್ಬಳು ಹತ್ತಿರ ಬಂದು, ನೀವೇ ಅಲ್ವಾ ಎಂದು ಮೇಲೆ ಕೈ ತೋರಿಸಿದಳು. ನಾನೇ, ಎರಡೂ ನಾನೇ ಅಂತೆ ಎಂದಳು ಇಸ್ತ್ರಿಯಕ್ಕ. ಮತ್ತೆ ನೀವು ಇಳಿದೇ ಇಲ್ಲವಲ್ಲ ಅಂದದ್ದಕ್ಕೆ, ಇಳಿದೆನಲ್ಲ, ಬಸ್ಸಿಂದ, ಎಂದು ಬಾಯಿ ತುಂಬ ನಕ್ಕಳು. ಆ ಹುಡುಗಿ ಮೆಟ್ಟಿಲ ಬುಡದಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸು ಹೋದಳು.

ಅಂಥವರು ಒಬ್ಬಿಬ್ಬರಾದ ಮೇಲೆ ಬಿಳಿಕೋಟಿನ ಮೇಡಂ ತಾನೇ ಕೆಳಗಿಳಿದು ಬಂದಳು. ಈ ಸಲ ನೀರಿಗಿಂತ ದೊಡ್ಡದನ್ನೇ ತಂದಿದ್ದಳು. ನೋಡಮ್ಮ, ನಾವು ನಿಮ್ಮನ್ನು ನಿಜವಾಗಿಯೂ ಹಾಗೆ ಮಾಡಿಕೊಡುತ್ತೇವೆ, ಎಲ್ಲ ಪುಕ್ಕಟೆ, ಬಲಗಡೆಯವಳು ನೀವೇ ಆಗುತ್ತೀರಿ, ಆಗ ಯಾರೂ ನಗುವುದಿಲ್ಲ, ಎಂದಳು. ಇಸ್ತ್ರಿಯಕ್ಕನ ಕೈಯಲ್ಲಿನ ತುತ್ತು ಅರ್ಧದಲ್ಲೇ ನಿಂತಿತು. ಆಸೆ ಆಗಲಿಲ್ಲ ಅಂದರೆ ಸುಳ್ಳಾಗುತ್ತೆ. ಬಸ್ಸಿನ ಸೀಟಿನಲ್ಲಿ ಪಕ್ಕದವರು ಮುಖ ಸಿಂಡರಿಸದೆ ಕೂತರೆ ಹೇಗಿರುತ್ತದೆ, ಅಂಗಡಿಯವನು ನಿಮ್ಮ ಅಳತೆದು ಇಲ್ಲ ಅನ್ನದಿದ್ದರೆ ಹೇಗಿರುತ್ತದೆ ಎಂದು ಅವಳೂ ಯೋಚಿಸಿದ್ದುಂಟು. ಕಣ್ಣು ಮೇಲಕ್ಕೆ ಹೋಯಿತು. ಬಲಗಡೆಯವಳ ತೋಳು ಬಳಪದಷ್ಟಿತ್ತು.

"ಆಮೇಲೆ ಆ ಗಂಟನ್ನ ಯಾರು ಎತ್ತೋದು ಮೇಡಂ?" ಎಂದು ಕೇಳಿದಳು.

ಮೇಡಂಗೆ ಯಾವ ಗಂಟು ಎಂಬುದೇ ತಿಳಿಯಲಿಲ್ಲ. ಅಷ್ಟರಲ್ಲಿ ಅಕ್ಕನನ್ನು ಎಬ್ಬಿಸಿಕೊಂಡು ಹೋಗಲು ಚಿಕ್ಕವಳು ರಸ್ತೆ ದಾಟಿ ಬಂದಳು. ಯಾರೋ ಬೆಂಚಿನ ಫೋಟೋ ಹೊಡೆದು ಶಾಲೆಯವರ ಫೋನಿಗೆಲ್ಲ ಹಂಚಿದ್ದರು. ಎದ್ದೇಳು, ಮನೆಗೆ ನಡಿ ಎಂದು ಅಕ್ಕನ ತೋಳು ಜಗ್ಗಿದಳು. ಮೇಡಂ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ, ನಿನ್ನ ಮುಖದಲ್ಲಿ ಲಕ್ಷಣ ಇದೆ ಮರಿ, ನೀನಾದರೂ ಒಂದು ಸಲ ಬಂದು ಹೋಗು ಎಂದು ಮೆಲ್ಲಗೆ ಹೇಳಿ ಮೇಲೆ ಹೋದಳು.

ಮನೆಯಲ್ಲಿ ಆ ದಿನ ಮಾತಿಗೆ ಮಾತು ಬೆಳೆಯಿತು. ಚಿಕ್ಕವಳು ಅತ್ತೇಬಿಟ್ಟಳು.

"ನೀನು ನಾಚಿಕೆ ಬಿಟ್ಟಿದ್ದೀಯ. ನನಗೂ ಬಿಡು ಅಂತೀಯ. ನನ್ನ ಕೈಲಿ ಆಗಲ್ಲ ಅಕ್ಕ. ನೀನು ಅಲ್ಲಿ ಕೂತು ತಿಂದಿದ್ದೆಲ್ಲ ನನ್ನ ಗಂಟಲಲ್ಲಿ ಸಿಕ್ಕಿಕೊಳ್ತಿದೆ."

ಅಮ್ಮನೂ ಅವಳ ಕಡೆಗೇ. ಮಗು ಒಣಗಿಹೋಗ್ತಿದೆ, ನಿನ್ನ ಹಟ ಬಿಡು, ಬೇರೆ ಕಡೆ ಕೂತು ಉಂಡರೆ ಒಳಗಿಳಿಯೋದಿಲ್ವಾ ಎಂದಳು. ಇಸ್ತ್ರಿಯಕ್ಕ ಎದ್ದು ಬುತ್ತಿ ಡಬ್ಬಿ ತೊಳೆಯತೊಡಗಿದಳು. ತಾನು ಮಾಡುತ್ತಿರುವುದು ತಂಗಿಗೋಸ್ಕರವೋ ತನ್ನ ಸಿಟ್ಟಿಗೋಸ್ಕರವೋ ಎಂದು ಅವಳಿಗೂ ಅನುಮಾನ ಹತ್ತಿತು. ಕೊನೆಗೆ ಅಮ್ಮನಿಗೆ ಇಷ್ಟೇ ಹೇಳಿದಳು: "ನಾನು ಎದ್ದು ಬಂದರೆ ಇವಳಿಗೆ ಏನು ಹೇಳಿದ ಹಾಗಾಯ್ತಮ್ಮ? ಬೋರ್ಡಿನವರು ಹೇಳಿದ್ದೇ ನಿಜ ಅಂತ ತಾನೆ?" ಅಮ್ಮ ದಾರ ಕಚ್ಚಿ ತುಂಡುಮಾಡಿದಳು.

ಆಮೇಲೆ ಅಕ್ಕತಂಗಿಯರಲ್ಲಿ ಮಾತು ನಿಂತುಹೋಯಿತು. ಇವಳು ಬೆಂಚಿಗೆ ಹೋಗುವುದನ್ನು ಬಿಡಲಿಲ್ಲ, ಅವಳು ತಟ್ಟೆ ಸರಿಸುವುದನ್ನು ಬಿಡಲಿಲ್ಲ. ಒಂದೇ ಚಾಪೆ, ಬೆನ್ನಿಗೆ ಬೆನ್ನು.

ಸೆಂಟರಿನ ಟವೆಲುಗಳನ್ನು ತಲುಪಿಸುವುದು ಎಂದಿನಂತೆ ಡ್ರೈವರನ ಕೆಲಸ. ಒಂದು ದಿನ ಅವನು ರಜ. ಬೇರೆ ಯಾರು ಆ ಮಹಡಿಗೆ ಗಂಟು ಹೊರುತ್ತಾರೆ? ಯಜಮಾನ ಅವಳ ಮುಖ ನೋಡದೆ, ಜಗಳ ಗಿಗಳ ಮಾಡದೆ ಇಟ್ಟು ಬಂದುಬಿಡಮ್ಮ ಎಂದ. ಅವಳು ಗಂಟು ಹೆಗಲಿಗೇರಿಸಿ ಮೆಟ್ಟಿಲು ಹತ್ತಿ, ಮುಂದಿನ ಕೋಣೆಯಲ್ಲಿ ಯಾರೂ ಕಾಣದೆ, ಪರದೆ ಸರಿಸಿ ಒಳಗೆ ಕಾಲಿಟ್ಟಳು.

ಒಳಗೆ ಕಣ್ಣು ಕುಕ್ಕುವ ದೀಪ. ಬಿಳಿ ಪರದೆಯ ಮುಂದೆ, ಸೆಂಟರಿನ ಗೌನು ತೊಟ್ಟು, ಬರಿಗಾಲಲ್ಲಿ ಚಿಕ್ಕವಳು. ಎದುರಿಗೆ ಅದೇ ಫೋಟೋದವನು. ಪಕ್ಕದಲ್ಲಿ ಮೇಡಂ. ಮೂವರೂ ಇವಳನ್ನು ಗಮನಿಸಲಿಲ್ಲ. ಇಸ್ತ್ರಿಯಕ್ಕನಿಗೆ ಕೂಗಬೇಕೆನಿಸಿತು. ಪರದೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು.

ಮೊದಲ ಫೋಟೋ ಚೆನ್ನಾಗಿ ಬರಬೇಕು ಮರಿ, ಆಮೇಲಿನದನ್ನು ನಾವು ನೋಡಿಕೊಳ್ಳುತ್ತೇವೆ ಎನ್ನುತ್ತಿದ್ದಳು ಮೇಡಂ. ಭುಜ ಇಳಿಸು, ತಲೆ ಬಗ್ಗಿಸು, ಅಳು ಬಂದವರ ಹಾಗೆ ಮುಖ ಮಾಡು ಎಂದ ಫೋಟೋದವನು. ಚಿಕ್ಕವಳು ಹೇಳಿದ ಹಾಗೆಲ್ಲ ಮಾಡಿದಳು. ಅಳುವ ಮುಖಕ್ಕಂತೂ ಕಷ್ಟಪಡಬೇಕಾಗಿರಲಿಲ್ಲ. ಹೊಟ್ಟೆ ಮುಂದಕ್ಕೆ ಬಿಡು ಎಂದ. ಅವಳು ಬಿಟ್ಟಳು. ಇನ್ನೂ ಬಿಡು ಎಂದ. ಬಿಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ತಿಂಗಳುಗಟ್ಟಲೆ ಜೇಬಿಗೆ ತುರುಕಿದ ಊಟದ ಜಾಗದಲ್ಲಿ ಗೌನು ಜೋತುಬಿದ್ದಿತ್ತು. ಫೋಟೋದವನು ಕ್ಯಾಮೆರಾ ಇಳಿಸಿ ಮೇಡಂ ಕಡೆ ತಿರುಗಿ, ಇದರಲ್ಲಿ ಏನೂ ಕಾಣಲ್ಲ ಮೇಡಂ, ಇವಳು 'ಮೊದಲು' ಅಂದರೆ ಯಾರು ನಂಬ್ತಾರೆ ಎಂದ. ಮೇಡಂ ಒಂದು ಕ್ಷಣ ಯೋಚಿಸಿದಳು. ಪಕ್ಕದ ಕಪಾಟಿನಿಂದ ದಪ್ಪನೆಯ ಟವೆಲೊಂದನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಚಿಕ್ಕವಳ ಗೌನಿನ ಒಳಗೆ ಹೊಟ್ಟೆಗೆ ಇಟ್ಟು, ಮೇಲಿಂದ ಲಾಡಿ ಬಿಗಿದಳು. ಈಗ ಸರಿಹೋಯಿತು ಎಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು, ಮೇಜಿನ ಮೇಲೆ ಹೂದಾನಿ ಇಟ್ಟು ನೋಡುವವರ ಹಾಗೆ.

ಚಿಕ್ಕವಳು ತಲೆ ಬಗ್ಗಿಸಿ ತನ್ನ ಹೊಟ್ಟೆಯನ್ನು ನೋಡಿಕೊಂಡಳು. ಬಹಳ ಹೊತ್ತು ನೋಡಿಕೊಂಡಳು. ಬೆರಳಿನಿಂದ ಅದನ್ನು ಒಂದು ಸಲ ಒತ್ತಿದಳು. ಆಮೇಲೆ ಲಾಡಿ ಸಡಿಲಿಸಿ, ಟವೆಲನ್ನು ಎಳೆದು ಹೊರಗೆ ತೆಗೆದಳು.

"ನಾನು ಇದನ್ನ ಕಳ್ಕೊಳ್ಳೋಕೆ ಅಂತ ಉಪವಾಸ ಬಿದ್ದು ಮೆಟ್ಟಿಲಲ್ಲಿ ಮಂಡಿ ಒಡ್ಕೊಂಡಿದ್ದೀನಿ ಮೇಡಂ. ಬೇಕು ಅಂತ ಹೇಳಿದ್ರೆ ಇಟ್ಕೊಂಡಿರ್ತಿದ್ದೆ."

ಮೇಡಂ ನಗುವುದಕ್ಕೆ ನೋಡಿದಳು. ಇದೆಲ್ಲ ಫೋಟೋಗೆ ಅಷ್ಟೇ ಮರಿ, ಎಲ್ಲರೂ ಹೀಗೇ ಮಾಡೋದು ಎಂದಳು.

"ಇನ್ನೆಷ್ಟು ಇಳಿದರೆ ನಿಮಗೆ ಸಾಕಾಗುತ್ತೆ?" ಎಂದು ಕೇಳಿದಳು ಚಿಕ್ಕವಳು. "ನಾನು ಕಡ್ಡಿ ಆದರೂ ನೀವು ಟವೆಲ್ ಕಟ್ತೀರಿ. ಕಟ್ಟದೇ ಇದ್ದರೆ ನಿಮ್ಮ ಅಂಗಡಿ ನಡಿಯಲ್ಲ."

ಟವೆಲನ್ನು ಎಲ್ಲಿ ಇಡುವುದೆಂದು ತಿರುಗಿದಾಗ ಪರದೆಯ ಹತ್ತಿರ ಅಕ್ಕ ಕಂಡಳು, ಹೆಗಲ ಮೇಲೆ ಗಂಟು ಹೊತ್ತುಕೊಂಡೇ. ಇಸ್ತ್ರಿಯಕ್ಕ ಆ ಗಂಟನ್ನು ಫೋಟೋದವನ ದೀಪದ ಮುಂದೆಯೇ ಧೊಪ್ಪನೆ ಇಳಿಸಿದಳು. ನೆಲ ಅದುರಿ ದೀಪದ ಕಂಬ ವಾಲಿತು, ಅವನು ಅದನ್ನು ಹಿಡಿಯಲು ಓಡಿದ. "ನಿಮ್ಮ ಟವೆಲು" ಎಂದಳು ಮೇಡಂಗೆ. "ಇನ್ನು ಮುಂದೆ ಇವಕ್ಕೆ ನಾನು ಇಸ್ತ್ರಿ ಹಾಕಲ್ಲ. ನನ್ನ ಕೈಲಿ ಮಡಿಸಿದ ಬಟ್ಟೇನ ನಮ್ಮ ಮಗೂನ ಹೊಟ್ಟೆಗೆ ಕಟ್ಟಿದ್ದೀರಿ." ಚಿಕ್ಕವಳು ಬಟ್ಟೆ ಬದಲಾಯಿಸಿ ಬರುವವರೆಗೆ ಬಾಗಿಲಿಗೆ ಅಡ್ಡ ನಿಂತಳು. ಒಳಗಿನ ಬೆಳಕು ನಿಜವಾಗಿಯೂ ಕಮ್ಮಿಯಾಯಿತು.

ಲಾಂಡ್ರಿಗೆ ಹೋಗಿ ಯಜಮಾನನಿಗೂ ಅದನ್ನೇ ಹೇಳಿದಳು. ಅವನು ಕುಣಿದಾಡಿದ, ಗಿರಾಕಿ ಹೋದರೆ ನಿನ್ನನ್ನೂ ಕಳಿಸ್ತೀನಿ ಎಂದ. ಕಳಿಸಿ ಎಂದಳು. ಅಷ್ಟರಲ್ಲಿ ಆಸ್ಪತ್ರೆಯ ಗಾಡಿ ಬಂದು ಹೊದಿಕೆಗಳ ರಾಶಿ ಸುರಿಯಿತು. ಅವನು ರಾಶಿ ನೋಡಿದ, ಇವಳನ್ನು ನೋಡಿದ, ಗೊಣಗುತ್ತಾ ಮುಂದಿನ ಕೋಣೆಗೆ ಹೋದ. ಸೆಂಟರಿನವರು ಬೇರೆ ಲಾಂಡ್ರಿ ಹಿಡಿದರು. ಆ ಗೊಣಗು ವರ್ಷವಿಡೀ ನಿಲ್ಲಲಿಲ್ಲ.

ಆಮೇಲೆ ಎಲ್ಲ ಸರಿಹೋಯಿತು ಅಂದುಬಿಟ್ಟರೆ ಅದೂ ಒಂದು ಜಾಹೀರಾತೇ ಆದೀತು. ಚಿಕ್ಕವಳು ಅವತ್ತು ಮನೆಗೆ ಬಂದು ಅರ್ಧ ಲೋಟ ಹಾಲು ಕುಡಿದಳು, ಅಷ್ಟೇ. ಡಾಕ್ಟರಮ್ಮನ ಹತ್ತಿರ ಓಡಾಡಬೇಕಾಯಿತು. ಒಂದು ದಿನ ಉಂಡರೆ ಎರಡು ದಿನ ಮತ್ತೆ ತಟ್ಟೆ ಸರಿಸುವಳು. ಕನ್ನಡಿ ಮುಂದೆ ನಿಂತು ತೋಳು ಹಿಂಡಿಕೊಳ್ಳುವಳು. ಫೋನು ತಾನು ಸುರಿಯುವುದನ್ನು ಸುರಿಯುತ್ತಲೇ ಇತ್ತು. ಈಗ ಅವಳು ಅದಕ್ಕೆ ಬೈಯುವುದನ್ನು ಕಲಿತಳು, ಅಮ್ಮನ ಮುಂದೆ ಆಡಬಾರದ ಮಾತುಗಳಲ್ಲಿ, ಅಮ್ಮನ ಮುಂದೆಯೇ. ಶಾಲೆಯಲ್ಲಿ ಮತ್ತೆ ಯಾರೋ ಕುಂಬಳಕಾಯಿ ಬರೆದಾಗ, ಎದ್ದು ಹೋಗಿ ಬಳಪ ತೆಗೆದುಕೊಂಡು ಅದರ ಎರಡು ಕೈಗೂ ಒಂದು ದೊಡ್ಡ ಬಟ್ಟೆಗಂಟು ಬರೆದು ಬಂದಳಂತೆ. ಜಾಗ ಸಾಲದೆ ಗಂಟು ಗೋಡೆಗೂ ಹೋಯಿತಂತೆ. ಅದಕ್ಕೆ ಮೇಷ್ಟ್ರ ಹತ್ತಿರ ಬೈಸಿಕೊಂಡಳು.

ಬೋರ್ಡನ್ನು ಯಾರೂ ಇವರಿಗೆ ಹೆದರಿ ಇಳಿಸಲಿಲ್ಲ. ಅದರ ಕಾಲ ಮುಗಿದಾಗ ಇಳಿಯಿತು. ಅಲ್ಲಿ ಈಗ ಬೇರೆ ಯಾರದೋ ಮುಖ, ಬೇರೆ ಏನೋ ಕ್ರೀಮು. ಇಸ್ತ್ರಿಯಕ್ಕ ಮಾತ್ರ ಬೆಂಚು ಬಿಡಲಿಲ್ಲ. ಒಂದು ಮಧ್ಯಾಹ್ನ ಡಬ್ಬಿ ಮುಚ್ಚಳ ತೆಗೆಯುತ್ತಿರುವಾಗ ಎದುರಿಗೆ ನೆರಳು ಬಿತ್ತು. ಶಾಲೆ ಚೀಲ ಹೊತ್ತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಚಿಕ್ಕವಳು ನಿಂತಿದ್ದಳು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಅಕ್ಕತಂಗಿಯರನ್ನು ನೋಡುತ್ತಿದ್ದರು.

"ಸ್ವಲ್ಪ ಜರುಗು" ಎಂದಳು. "ಇಡೀ ಬೆಂಚು ನೀನೊಬ್ಬಳೇ ಹಿಡಿದಿದ್ದೀಯ."

"ನಾನು ಜರುಗಲ್ಲ" ಎಂದಳು ಇಸ್ತ್ರಿಯಕ್ಕ. "ಜಾಗ ಇದೆ. ಕೂತ್ಕೋ."

ಚಿಕ್ಕವಳು ಒತ್ತರಿಸಿಕೊಂಡು ಕೂತಳು, ಭುಜಕ್ಕೆ ಭುಜ ತಾಗಿಸಿ, ಮೊಣಕೈಯಿಂದ ಅಕ್ಕನನ್ನು ತಿವಿದು ತಿವಿದು ಜಾಗ ಮಾಡಿಕೊಂಡು. ಬೆಂಚಿನ ಆ ತುದಿಯಲ್ಲಿದ್ದವನು ಎದ್ದು ನಿಲ್ಲಬೇಕಾಯಿತು. ಅವನು ಮುಖ ಗಂಟು ಹಾಕಿ ನೋಡಿದ. ಚಿಕ್ಕವಳು ಅಕ್ಕನ ಡಬ್ಬಿಗೆ ಕೈ ಹಾಕಿ ಒಂದು ತುತ್ತು ಬಾಯಿಗಿಟ್ಟುಕೊಂಡು, ಅವನನ್ನೇ ನೋಡುತ್ತಾ ನಿಧಾನವಾಗಿ ಅಗಿದಳು.